ಬೋಳು ಮರ ಬೇಸಿಗೆಯಲ್ಲಿ ಹೂ ಬಿಡುವುದು ಯಾಕೆ? ಒಣ ಕಾಡಿನ ಚಿಗುರು, ಹೂವು, ಎಲೆಯುದುರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಿರು ಬೇಸಿಗೆ. ಮಳೆ ಬಂದು ತಿಂಗಳುಗಳೇ ಆಗಿವೆ. ನೆಲದ ತುಂಬ ತರಗೆಲೆ, ಕಾಲಿಟ್ಟರೆ ಚರಚರ ಸದ್ದು. ತಲೆ ಎತ್ತಿ ನೋಡಿದರೆ ಒಂದು ಮರ ಒಂದೇ ಒಂದು ಎಲೆಯಿಲ್ಲದೆ ಮೈತುಂಬ ಹೂ ಹೊತ್ತು ನಿಂತಿದೆ. ಪಕ್ಕದ್ದು ಆಗಲೇ ಚಿಗುರಿದೆ. ನೀರೇ ಇಲ್ಲದ ಕಾಲದಲ್ಲಿ ಇದೆಲ್ಲ ಹೇಗೆ? ಒಣ ಕಾಡಿನ ಬಗ್ಗೆ ಜನ ಕೇಳುವ ಮುಕ್ಕಾಲು ಪಾಲು ಪ್ರಶ್ನೆಗಳು ಇಲ್ಲಿಂದಲೇ ಶುರುವಾಗುತ್ತವೆ.

ಒಣ ಕಾಡು ಅಂದರೆ ಕುರುಚಲು ಕಾಡು ತಾನೇ?

ಅಲ್ಲ. ಎತ್ತರದ ತೇಗ, ಮತ್ತಿ, ಬೀಟೆ ಮರಗಳಿರುವ ಕಾಡೂ ಒಣ ಕಾಡೇ. ಪೀಟರ್ ಮರ್ಫಿ ಮತ್ತು ಏರಿಯಲ್ ಲೂಗೊ 1986ರಲ್ಲಿ ಕೊಟ್ಟ ಲೆಕ್ಕ ಇವತ್ತಿಗೂ ಬಳಕೆಯಲ್ಲಿದೆ: ವರ್ಷದ ಸರಾಸರಿ ಉಷ್ಣಾಂಶ 17 ಡಿಗ್ರಿಗಿಂತ ಜಾಸ್ತಿ, ಮಳೆ 250ರಿಂದ 2000 ಮಿಲಿಮೀಟರ್, ಮತ್ತು ಬೀಳುವ ನೀರಿಗಿಂತ ಆವಿಯಾಗಬಲ್ಲ ನೀರೇ ಹೆಚ್ಚು. ಉಷ್ಣವಲಯ ಮತ್ತು ಅದರ ಅಂಚಿನ ಕಾಡುಗಳಲ್ಲಿ ನೂರಕ್ಕೆ ಸುಮಾರು 42 ಪಾಲು ಇಂಥವು ಎಂದು ಅವರು ಬರೆದರು.

2000 ಮಿಲಿಮೀಟರ್ ಅಂದರೆ ಕಡಿಮೆ ಮಳೆಯೇನಲ್ಲ, ಅಲ್ವಾ? ಆದರೆ ಅದೆಲ್ಲ ನಾಲ್ಕೈದು ತಿಂಗಳಲ್ಲಿ ಸುರಿದು, ಉಳಿದ ಕಾಲ ಆಕಾಶ ಖಾಲಿ ಇದ್ದರೆ ಮರದ ಬದುಕೇ ಬೇರೆ. ದಖ್ಖನ್, ಥಾಯ್ಲೆಂಡ್, ಕೋಸ್ಟಾರಿಕಾದ ಗ್ವಾನಾಕಾಸ್ಟೆ, ಮೆಕ್ಸಿಕೋದ ಪಶ್ಚಿಮ ಕರಾವಳಿ, ಬ್ರೆಜಿಲ್‌ನ ಕಾಟಿಂಗಾ, ಮಡಗಾಸ್ಕರ್‌ನ ಪಶ್ಚಿಮ ಭಾಗ, ಎಲ್ಲ ಕಡೆಯೂ ಕತೆ ಹೀಗೇ. ಕೆಳಗೆ ತಿಂಗಳ ಹೆಸರು ಬಂದಲ್ಲೆಲ್ಲ ಭಾರತ, ಥಾಯ್ಲೆಂಡ್‌ಗಳಂಥ ಉತ್ತರಾರ್ಧಗೋಳದ ಲೆಕ್ಕ. ದಕ್ಷಿಣಕ್ಕೆ ಹೋದರೆ ಸುಮಾರು ಆರು ತಿಂಗಳು ಸರಿಸಿಕೊಳ್ಳಿ.

ಮರ ಎಲೆ ಉದುರಿಸುವುದು ಬಾಯಾರಿಕೆಯಿಂದ ಸಾಯುತ್ತಿರುವುದಕ್ಕಾ?

ಸಾಯಬಾರದು ಅಂತ ಉದುರಿಸುತ್ತದೆ. ಎಲೆಯ ಮೇಲೆ ಕಣ್ಣಿಗೆ ಕಾಣದ ಸಾವಿರಾರು ಸಣ್ಣ ಬಾಯಿಗಳಿವೆ. ಗಾಳಿ ಒಳಗೆ ಬರಲು ಅವು ತೆರೆಯಲೇಬೇಕು, ತೆರೆದರೆ ನೀರು ಆವಿಯಾಗಿ ಹೋಗುತ್ತದೆ. ಮಣ್ಣಿನಲ್ಲಿ ನೀರಿದ್ದಾಗ ಇದು ಲಾಭದ ವ್ಯವಹಾರ. ಮಣ್ಣು ಒಣಗಿದ ಮೇಲೆ ಎಲೆ ಇಟ್ಟುಕೊಂಡರೆ ನಷ್ಟವೇ.

ಉದುರಿಸುವ ಕೆಲಸವೂ ಒಂದೇ ಏಟಿಗೆ ಆಗುವುದಿಲ್ಲ. ಮರ ಮೊದಲು ಎಲೆಯೊಳಗಿನ ಸಾರ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಸಾರಜನಕ, ರಂಜಕಗಳಲ್ಲಿ ಸುಮಾರು ಅರ್ಧದಷ್ಟು ಕೊಂಬೆಗೆ ವಾಪಸ್ಸಾಗುತ್ತವೆ. ಎಲೆ ಹಳದಿಯಾಗುವುದು ಈ ಹೊತ್ತಿನಲ್ಲಿ. ಆಮೇಲೆ ತೊಟ್ಟಿನ ಬುಡದಲ್ಲಿ ಒಂದು ತೆಳು ಪದರದ ಕೋಶಗಳು ಸಡಿಲವಾಗುತ್ತವೆ. ಅದರ ಹಿಂದೆ ತೊಗಟೆಯಂಥ ಪೊರೆ ಕಟ್ಟುತ್ತದೆ. ಗಾಯ ಮುಚ್ಚಿದ ಮೇಲೆ ಎಲೆ ಬೀಳುತ್ತದೆ.

ಬೋಳು ಮರದ ಒಂದು ರೆಂಬೆಯನ್ನು ಹತ್ತಿರದಿಂದ ನೋಡಿ. ಎಲೆಯಿದ್ದ ಜಾಗದಲ್ಲಿ ಮುದ್ರೆ ಒತ್ತಿದ ಹಾಗೆ ಒಂದು ಗುರುತು ಇರುತ್ತದೆ. ಅದರೊಳಗೆ ಕೆಲವು ಚುಕ್ಕೆಗಳು. ನೀರು ಮತ್ತು ಸಾರ ಓಡಾಡುತ್ತಿದ್ದ ಕೊಳವೆಗಳ ತುದಿ ಅವು. ಆ ಗುರುತಿನ ನೆತ್ತಿಯ ಮೇಲೇ ಒಂದು ಮೊಗ್ಗು ಕೂತಿರುತ್ತದೆ, ಗಟ್ಟಿ ಪೊರೆಯೊಳಗೆ ಸುತ್ತಿಕೊಂಡು. ಎಷ್ಟೋ ಮರಗಳಲ್ಲಿ ಎಲೆ ಬೀಳುವ ಮೊದಲೇ ಮುಂದಿನ ಚಿಗುರಿನ ಮೊಗ್ಗು ಸಿದ್ಧವಾಗಿರುತ್ತದೆ.

ಮಳೆಯೇ ಇಲ್ಲ. ಹಾಗಿದ್ದರೆ ಹೂವಿಗೆ, ಚಿಗುರಿಗೆ ನೀರು ಎಲ್ಲಿಂದ ಬರುತ್ತದೆ?

ನನ್ನ ಪ್ರಕಾರ ಇಡೀ ವಿಷಯದ ಕೀಲಿ ಈ ಪ್ರಶ್ನೆಯಲ್ಲಿದೆ. ನಾವು ಆಕಾಶ ನೋಡಿ ‘ನೀರಿಲ್ಲ’ ಅನ್ನುತ್ತೇವೆ. ಮರದ ಲೆಕ್ಕ ನಡೆಯುವುದು ಮಣ್ಣಿನ ಆಳದಲ್ಲಿ ಮತ್ತು ತನ್ನದೇ ಕಾಂಡದಲ್ಲಿ.

1984ರಲ್ಲಿ ಪೀಟರ್ ರೈಕ್ ಮತ್ತು ರೋಲ್ಫ್ ಬೋರ್ಕರ್ಟ್ ಕೋಸ್ಟಾರಿಕಾದ ಒಣ ಕಾಡಿನ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಮರದ ಕಾಂಡಕ್ಕೆ ಪಟ್ಟಿ ಸುತ್ತಿ ಸುತ್ತಳತೆ ಎಷ್ಟು ಬದಲಾಗುತ್ತದೆ ಅಂತ ನೋಡುತ್ತಾ ಹೋಗುವ ಕೆಲಸ. ಮಣ್ಣು ಒಣಗುತ್ತಿದ್ದಂತೆ ಕಾಂಡ ಸಣ್ಣಗಾಗುತ್ತದೆ. ಬರುವ ನೀರಿಗಿಂತ ಹೋಗುವ ನೀರು ಜಾಸ್ತಿಯಾಗಿ ಮರ ಒಳಗಿನಿಂದ ಕುಗ್ಗುತ್ತದೆ. ಎಲೆ ಉದುರುತ್ತದೆ. ಉದುರಿದ ಮೇಲೆ, ಮಳೆ ಒಂದು ಹನಿಯೂ ಬೀಳದೆ, ಅದೇ ಕಾಂಡ ಮತ್ತೆ ತುಂಬಿಕೊಳ್ಳಬಹುದು.

ಖರ್ಚು ನಿಂತಿತು, ಅಷ್ಟೇ. ಬೇರು ಆಳದಿಂದ ದಿನಕ್ಕೆ ಅಷ್ಟಿಷ್ಟು ಎಳೆಯುತ್ತಲೇ ಇರುತ್ತದೆ. ಮೊದಲು ಅದೆಲ್ಲ ಎಲೆಯಿಂದ ಹಾರಿಹೋಗುತ್ತಿತ್ತು, ಈಗ ಒಳಗೇ ಉಳಿಯುತ್ತದೆ. ಹಾಗೆ ತುಂಬಿಕೊಂಡ ಮರದ ಮೊಗ್ಗು ಒಡೆಯುತ್ತದೆ. ಎಲೆ ಬಿದ್ದದ್ದರಿಂದಲೇ ಚಿಗುರು ಬಂತು ಅಂತ ಹೇಳಬೇಕು. ನಾವು ಅವೆರಡನ್ನೂ ಸಾವು, ಹುಟ್ಟು ಅಂತ ಬೇರೆ ಬೇರೆ ಮಾಡಿ ನೋಡುತ್ತೇವೆ.

ಎಲ್ಲ ಮರಕ್ಕೂ ಇದು ಒಂದೇ ಅಳತೆಯಲ್ಲಿ ಆಗುವುದಿಲ್ಲ. ಬೂರುಗದಂಥ ಮೆತ್ತನೆ ಮರದ ಕಾಂಡದಲ್ಲಿ ನೀರಿಗೆ ಬೇಕಾದಷ್ಟು ಜಾಗವಿದೆ. ಅಂಥವು ಬೋಳಾಗಿದ್ದೂ ಧಾರಾಳವಾಗಿ ಹೂ ಬಿಡುತ್ತವೆ. ಗಟ್ಟಿ ಮರದಲ್ಲಿ ಜಾಗ ಕಡಿಮೆ. ಒಣ ಗುಡ್ಡದ ಮೇಲಿರುವ ಗಟ್ಟಿ ಮರ ಮಳೆ ಬರುವವರೆಗೂ ಕಡ್ಡಿಯ ಹಾಗೆ ನಿಲ್ಲಬಹುದು. ಅದೇ ಗಟ್ಟಿ ಮರದ ಬೇರಿಗೆ ಆಳದಲ್ಲಿ ತೇವ ಸಿಕ್ಕರೆ ಅದೂ ಬೇಸಿಗೆಯಲ್ಲೇ ಚಿಗುರುತ್ತದೆ.

ಸರಿ, ಚಿಗುರಲು ಆಗುತ್ತದೆ. ಆದರೆ ಮಳೆಗೆ ಮುಂಚೆಯೇ ಯಾಕೆ? ಕಾಯಬಹುದಲ್ಲ?

ಇದನ್ನು ವಿಜ್ಞಾನಿಗಳೂ ಒಗಟು ಅಂತಲೇ ಕರೆದಿದ್ದಾರೆ. 2006ರಲ್ಲಿ ಸ್ಟೀಫನ್ ಎಲಿಯಟ್, ಪ್ಯಾಟ್ರಿಕ್ ಬೇಕರ್ ಮತ್ತು ಬೋರ್ಕರ್ಟ್ ಏಷ್ಯಾದ ಮುಂಗಾರು ಕಾಡುಗಳ ಬಗ್ಗೆ ಬರೆದಾಗ ತಲೆಬರಹದಲ್ಲೇ ಆ ಮಾತಿತ್ತು. ಇಲ್ಲಿನ ಬಹಳ ಮರಗಳು ಮೊದಲ ಮುಂಗಾರು ಮಳೆಗೆ ಒಂದೆರಡು ತಿಂಗಳು ಮುಂಚೆ, ಬಿಸಿಲು ನೆತ್ತಿ ಸುಡುವಾಗ, ಹೊಸ ಎಲೆ ತೊಡುತ್ತವೆ.

ಒಂದು ಕಾರಣ ಹುಳು. ಎಳೆ ಎಲೆ ಮೆತ್ತಗಿರುತ್ತದೆ, ಸಾರ ಜಾಸ್ತಿ. ಕಂಬಳಿಹುಳುಗಳಿಗೆ ಅದಕ್ಕಿಂತ ಬೇರೇನು ಬೇಕು? ಮಳೆ ಶುರುವಾದ ಕೂಡಲೇ ಹುಳುಗಳ ಸಂಖ್ಯೆ ಏರುತ್ತದೆ. ಅಷ್ಟರೊಳಗೆ ಎಲೆ ಬಲಿತಿದ್ದರೆ ಮರ ಗೆದ್ದಂತೆ. ಮುದುಮಲೈ ಕಾಡಿನಲ್ಲಿ ಕೆ. ಎಸ್. ಮುರಳಿ ಮತ್ತು ರಾಮನ್ ಸುಕುಮಾರ್ ಇದನ್ನೇ ಅಳೆದು ನೋಡಿ 1993ರಲ್ಲಿ ಪ್ರಕಟಿಸಿದರು. ಮಳೆಗೆ ಮುಂಚೆ ಚಿಗುರಿದ ಮರಗಳಿಗೆ ಹುಳುಗಳಿಂದ ಆದ ಹಾನಿ ಕಡಿಮೆ. ತಡ ಮಾಡಿದವು ಜಾಸ್ತಿ ತಿನ್ನಿಸಿಕೊಂಡವು.

ತೇಗದ ತೋಪು ನೋಡಿದವರಿಗೆ ಇದರ ಇನ್ನೊಂದು ಮುಖ ಗೊತ್ತಿರುತ್ತದೆ. ಹೊಸ ಎಲೆ ಬಂದ ಹೊತ್ತಿಗೆ ಸರಿಯಾಗಿ ಎಲೆ ತಿನ್ನುವ ಹುಳುಗಳ ದಂಡು ಬಿದ್ದರೆ ಕೆಲವೇ ದಿನಗಳಲ್ಲಿ ತೋಪಿಗೆ ತೋಪೇ ಬೋಳು. ತೋಪಿನ ಕೆಳಗೆ ನಿಂತರೆ ಹಿಕ್ಕೆ ಉದುರುವ ಸಣ್ಣ ಸದ್ದು ಮಳೆಹನಿಯ ಹಾಗೆ ಕೇಳಿಸುತ್ತದೆ. ತೇಗ ಪಾಪ ಎರಡನೇ ಸಲ ಚಿಗುರಬೇಕಾಗುತ್ತದೆ.

ಇನ್ನೊಂದು ಕಾರಣ ಬೆಳಕು. ಮೋಡವಿಲ್ಲದ ಬೇಸಿಗೆಯಲ್ಲಿ ಬಿಸಿಲು ಧಾರಾಳ. ಮುಂಗಾರು ಕವಿದ ಮೇಲೆ ಬೆಳಕು ಕಡಿಮೆ. ಮತ್ತೆ ಮೊದಲ ಮಳೆಯ ಲಾಭವೂ ಇದೆ. ಒಣಗಿದ ಮಣ್ಣಿಗೆ ನೀರು ಬಿದ್ದಾಗ ಸೂಕ್ಷ್ಮಜೀವಿಗಳು ಒಮ್ಮೆಲೇ ಎಚ್ಚೆತ್ತು, ತಿಂಗಳುಗಳಿಂದ ಕೂಡಿಬಿದ್ದ ತರಗೆಲೆಯ ಸಾರ ಬಿಡುಗಡೆಯಾಗುತ್ತದೆ. ಆ ಹೊತ್ತಿಗೆ ಎಲೆ ತಯಾರಿರುವ ಮರ ಅದನ್ನು ಕೂಡಲೇ ಬಳಸಿಕೊಳ್ಳುತ್ತದೆ. ಆಗ ಮೊಗ್ಗು ಬಿಡಿಸಲು ಶುರು ಮಾಡುವ ಮರ ಬಸ್ಸು ಹೊರಟ ಮೇಲೆ ಚಪ್ಪಲಿ ಹುಡುಕಿದ ಹಾಗೆ.

ಮಳೆ ಬರುತ್ತದೆ ಅಂತ ಮರಕ್ಕೆ ಮೊದಲೇ ಹೇಗೆ ಗೊತ್ತಾಗುತ್ತದೆ?

ಗೊತ್ತಾಗುವುದಿಲ್ಲ. ‘ಮರ ಮಳೆಯ ವಾಸನೆ ಹಿಡಿಯುತ್ತದೆ’ ಅನ್ನುವ ಮಾತು ಕೇಳಲು ಚೆಂದ. ಆದರೆ ಮರ ನೋಡುವುದು ಮೋಡವನ್ನಲ್ಲ, ಹಗಲನ್ನು.

ಉಷ್ಣವಲಯದಲ್ಲಿ ಹಗಲು ವರ್ಷವಿಡೀ ಒಂದೇ ಸಮ ಅಂತ ನಾವು ಅಂದುಕೊಂಡಿದ್ದೇವೆ. ಪೂರ್ತಿ ಸರಿಯಲ್ಲ. ಸಮಭಾಜಕ ವೃತ್ತದಿಂದ 10 ಡಿಗ್ರಿ ಉತ್ತರಕ್ಕೆ ಹೋದರೂ ಜೂನ್‌ನ ಹಗಲು ಡಿಸೆಂಬರ್‌ನ ಹಗಲಿಗಿಂತ ಸುಮಾರು 70 ನಿಮಿಷ ಉದ್ದ. ಕೋಸ್ಟಾರಿಕಾ, ಥಾಯ್ಲೆಂಡ್, ಜಾವಾ, ಅರ್ಜೆಂಟೀನಾದ ಮರಗಳನ್ನು ಹೋಲಿಸಿದ ಒಂದು ಅಧ್ಯಯನ 2002ರಲ್ಲಿ ಬಂತು. ಹಗಲು ಅರ್ಧ ಗಂಟೆಯಷ್ಟು, ಅದಕ್ಕಿಂತ ಕಡಿಮೆ ಬೆಳೆದರೂ ಎಷ್ಟೋ ಜಾತಿಗಳಿಗೆ ಚಿಗುರಲು ಅದೇ ಸೂಚನೆ ಸಾಕು ಅನ್ನುವುದು ಅದರ ತಿರುಳು. ಅದಕ್ಕೇ ಮಳೆ ಬೇಗ ಬರಲಿ, ತಡವಾಗಲಿ, ಕೆಲವು ಮರಗಳು ವರ್ಷ ವರ್ಷವೂ ಹೆಚ್ಚುಕಡಿಮೆ ಅದೇ ವಾರದಲ್ಲಿ ಚಿಗುರುತ್ತವೆ.

ಲಕ್ಷಾಂತರ ವರ್ಷ ‘ಹಗಲು ಉದ್ದವಾಯಿತು, ಇನ್ನೊಂದೆರಡು ತಿಂಗಳಿಗೆ ಮಳೆ’ ಅನ್ನುವ ಲೆಕ್ಕ ಸರಿಹೋಗಿದೆ. ಹಾಗೆ ನಡೆದುಕೊಂಡ ಮರಗಳ ಮಕ್ಕಳು ಉಳಿದವು. ಗೊತ್ತಿರುವುದು ಅಂದರೆ ಇಷ್ಟೇ.

ಬೇಸಿಗೆಯಲ್ಲಿ ನೀರು ಹಾಕುತ್ತಾ ಇದ್ದರೆ ಎಲೆ ಉದುರುವುದು ನಿಲ್ಲುತ್ತದಾ?

ಅದು ಯಾವ ಮರ ಅನ್ನುವುದರ ಮೇಲೆ ಹೋಗುತ್ತದೆ. ಪನಾಮಾದ ಬಾರೊ ಕೊಲರಾಡೊ ದ್ವೀಪದಲ್ಲಿ ಇದನ್ನು ನಿಜಕ್ಕೂ ಮಾಡಿ ನೋಡಿದ್ದಾರೆ. ತಲಾ 2.25 ಹೆಕ್ಟೇರಿನ ಎರಡು ತುಂಡು ಕಾಡಿಗೆ 1986ರಿಂದ ಹಲವು ವರ್ಷ ಬೇಸಿಗೆಯಿಡೀ ನೀರು ಹಾಯಿಸಿದರು. ಎಷ್ಟು ನೀರು, ಎಷ್ಟು ಪೈಪು ಬೇಕಾಗಿರಬೇಕು, ಯೋಚಿಸಿ! ಕೊನೆಗೆ ಸಿಕ್ಕ ಉತ್ತರ: ಬಹಳಷ್ಟು ಜಾತಿಗಳು ಎಲೆ ಉದುರಿಸುವ ವೇಳೆಯನ್ನು ಬದಲಿಸಲೇ ಇಲ್ಲ. ಆ ಕಾಡು ಕಟ್ಟಾ ಒಣ ಕಾಡಲ್ಲ, ಸ್ವಲ್ಪ ತೇವ ಜಾಸ್ತಿ ಇರುವಂಥದ್ದು. ಆದರೂ ಕಲಿಯಬೇಕಾದ್ದು ಇದೆ. ಎಲೆಗೂ ಒಂದು ವಯಸ್ಸಿದೆ. ಹಳತಾದ ಎಲೆ ನೀರಿದ್ದರೂ ಬೀಳುತ್ತದೆ.

ಒಣ ಕಾಡಿನಲ್ಲಿ ಮಾತ್ರ ಬೋಳಾದ ಕೆಲವು ಮರಗಳು ಅಕಾಲದ ಒಂದು ದೊಡ್ಡ ಮಳೆಗೇ ಚಿಗುರಿಬಿಡುತ್ತವೆ.

ಒಂದೇ ಜಾತಿಯ ಎರಡು ಮರ, ಅಕ್ಕಪಕ್ಕ. ಒಂದು ಬೋಳು, ಒಂದು ಹಸಿರು. ಹೇಗೆ?

ಕಣ್ಣಿಗೆ ಅಕ್ಕಪಕ್ಕ, ಬೇರಿಗೆ ಅಲ್ಲ. ಒಂದರ ಕೆಳಗೆ ಒಂದು ಮೀಟರಿಗೇ ಬಂಡೆ ಸಿಕ್ಕಿರಬಹುದು, ಇನ್ನೊಂದರ ಬೇರು ಬಿರುಕಿನಲ್ಲಿ ಇಳಿದು ತೇವ ಮುಟ್ಟಿರಬಹುದು. ಹಳ್ಳದ ದಂಡೆಯ ಮರ ತಿಂಗಳುಗಟ್ಟಲೆ ತಡವಾಗಿ ಉದುರುವುದು ತೀರಾ ಸಾಮಾನ್ಯ. ಎಳೆಯ ಮರಗಳು ದೊಡ್ಡ ಮರಗಳಿಗಿಂತ ಬೇರೆ ತರಹ ನಡೆದುಕೊಳ್ಳುತ್ತವೆ. ಕೊಂಬೆ ಕಡಿಸಿಕೊಂಡ ಮರದ್ದು ಇನ್ನೊಂದು ದಾರಿ, ಕಡಿದ ಜಾಗದಿಂದ ಅಕಾಲದಲ್ಲೂ ಚಿಗುರು ಬರುತ್ತದೆ. ಹಾಗಾಗಿ ಒಂದು ಮರ ನೋಡಿ ‘ಈ ಜಾತಿ ಫೆಬ್ರವರಿಯಲ್ಲಿ ಉದುರುತ್ತದೆ’ ಅಂತ ಬರೆದಿಡಬೇಡಿ.

ಒಣ ಕಾಡಿನಲ್ಲಿ ಎಲ್ಲ ಮರಗಳೂ ಬೋಳಾಗುತ್ತವೆಯೇ?

ಇಲ್ಲ. ಕೆಲವು ಐದಾರು ತಿಂಗಳು ಬೋಳು. ಕೆಲವು ಬರೀ ಒಂದೆರಡು ವಾರ. ಹೊಂಗೆ ನೋಡಿ, ಹಳೆಯದನ್ನು ಉದುರಿಸಿ ಮುಗಿಸುವಷ್ಟರಲ್ಲೇ ಹೊಸದು. ಬೇವು, ಸಾಲ ಕೂಡ ಹೀಗೇ. ಬಟ್ಟೆ ಬದಲಿಸಿದ ಹಾಗೆ. ಆಳಕ್ಕೆ ಬೇರು ಬಿಟ್ಟ ಕೆಲವು ನಿತ್ಯಹಸಿರು ಮರಗಳೂ ಅದೇ ಕಾಡಿನಲ್ಲಿರುತ್ತವೆ.

ತಲೆಕೆಳಗಾಗಿ ಬದುಕುವವೂ ಇವೆ. ಆಫ್ರಿಕಾದ ಫೈಡರ್ಬಿಯಾ ಆಲ್ಬಿಡಾ ಮಳೆಗಾಲ ಶುರುವಾಗುತ್ತಲೇ ಎಲೆ ಉದುರಿಸಿ, ಬೇಸಿಗೆಯಿಡೀ ಹಸಿರಾಗಿ ನಿಲ್ಲುತ್ತದೆ. ಬೇರು ಅಂತರ್ಜಲದವರೆಗೂ ಇಳಿದಿರುವುದರಿಂದ ಅದಕ್ಕೆ ಬೇಸಿಗೆಯ ಹೆದರಿಕೆಯಿಲ್ಲ. ಇದರ ಬುಡದಲ್ಲೇ ಜೋಳ ಬೆಳೆಯಬಹುದು, ಬೆಳೆಗೆ ಬಿಸಿಲು ಬೇಕಾದಾಗ ಮರ ಬೋಳಾಗಿರುತ್ತದಲ್ಲ. ಕೋಸ್ಟಾರಿಕಾದ ಜಾಕ್ವಿನಿಯಾ ಅನ್ನುವ ಗಿಡದ ಜಾಣತನ ಇನ್ನೊಂದು ಬಗೆಯದು. ದೊಡ್ಡ ಮರಗಳ ನೆರಳಲ್ಲಿರುವ ಸಣ್ಣ ಗಿಡ ಅದು. ಮೇಲಿನವು ಬೋಳಾದಾಗ ನೆಲಕ್ಕೆ ಬಿಸಿಲು ಬೀಳುತ್ತದೆ, ಆಗ ಇದು ಎಲೆ ಬಿಡುತ್ತದೆ. ಮಳೆಗಾಲದಲ್ಲಿ ನೆರಳು ಕವಿದಾಗ ಎಲೆ ಕಳಚಿ ಸುಮ್ನೆ ನಿಲ್ಲುತ್ತದೆ.

ಎಳೆ ಚಿಗುರು ಕೆಂಪಗೆ ಇರುವುದು ಯಾಕೆ?

ಆಂಥೋಸಯನಿನ್ ಅನ್ನುವ ಬಣ್ಣದಿಂದ. ಸಾಗಡೆ ಮರದ ಚಿಗುರು ದೂರದಿಂದ ಹೂವೇ ಅನ್ನಿಸುವಷ್ಟು ಕೆಂಪು, ಹಿಪ್ಪೆಯದು ತಾಮ್ರದ ಬಣ್ಣ. ಹಸಿರು ಇನ್ನೂ ತುಂಬದ ಎಲೆಗೆ ಬಿರುಬಿಸಿಲನ್ನು ಅರಗಿಸಿಕೊಳ್ಳುವ ಶಕ್ತಿ ಇರುವುದಿಲ್ಲ, ಈ ಬಣ್ಣ ಕೊಡೆ ಹಿಡಿಯುತ್ತದೆ ಅನ್ನುವುದು ಒಂದು ವಾದ. ಹುಳುಗಳಿಗೆ, ಬೂಷ್ಟಿಗೆ ಇದು ಆಗಿಬರುವುದಿಲ್ಲ ಅನ್ನುವುದು ಇನ್ನೊಂದು. ಮೂರನೆಯ ವಾದ ನನಗೆ ಇಷ್ಟ: ಹೇಗೂ ಎಳೆ ಎಲೆಯನ್ನು ಹುಳು ತಿನ್ನುವುದೇ ಜಾಸ್ತಿ, ಹಾಗಾಗಿ ಬೆಲೆಬಾಳುವ ಹಸಿರು ಸರಕನ್ನು ಎಲೆ ಬಲಿತ ಮೇಲೇ ತುಂಬುವುದು ಲಾಭ. ಮೂರೂ ಒಟ್ಟಿಗೆ ನಿಜವಾಗಿರಬಾರದು ಅಂತೇನಿಲ್ಲ.

ಎಲೆಯಿಲ್ಲದಾಗಲೇ ಹೂ ಬಿಡುವುದರಿಂದ ಏನು ಲಾಭ?

ಎದ್ದು ಕಾಣುತ್ತದೆ. ಡೇನಿಯಲ್ ಜಾನ್ಜೆನ್ 1967ರಲ್ಲಿ ಮಧ್ಯ ಅಮೆರಿಕದ ಕಾಡುಗಳ ಬಗ್ಗೆ ಬರೆಯುವಾಗ ಇದನ್ನೇ ಎತ್ತಿದರು. ಎಲೆಗಳ ಅಡ್ಡಿಯಿಲ್ಲದೆ ಹೂ ದೂರದವರೆಗೂ ಕಾಣುತ್ತದೆ, ಜೇನು, ಹಕ್ಕಿಗಳು ಓಡಾಡಲು ದಾರಿ ಸಲೀಸು, ಎಲೆ ಬೆಳೆಸುವ ಖರ್ಚಿಗೂ ಹೂವಿನ ಖರ್ಚಿಗೂ ಜಗಳವಿಲ್ಲ. ಜಡಿಮಳೆಗೆ ಪರಾಗ ತೊಳೆದುಹೋಗುವ ಭಯವೂ ಇಲ್ಲ.

ಮುತ್ತುಗದ ಒಂದು ಗೊಂಚಲನ್ನು ಕೈಯಲ್ಲಿ ಹಿಡಿದು ನೋಡಿ. ತೊಟ್ಟಿನ ಹತ್ತಿರದ ಬಟ್ಟಲು ಕಡುಗಂದು, ಹೆಚ್ಚುಕಡಿಮೆ ಕಪ್ಪು. ಮುಟ್ಟಿದರೆ ಮಖಮಲ್ಲು. ಅದರಿಂದ ಗಿಳಿಯ ಕೊಕ್ಕಿನ ಹಾಗೆ ಬಾಗಿದ ಕಿತ್ತಳೆಗೆಂಪು ದಳ ಹೊರಬಂದಿರುತ್ತದೆ. ಪರಾಗವೆಲ್ಲ ಆ ಕೊಕ್ಕಿನೊಳಗೆ ಬಚ್ಚಿಟ್ಟಿದೆ, ಮಕರಂದ ಬುಡದಲ್ಲಿ. ಯಾರಾದರೂ ಸರಿಯಾದ ಕಡೆಯಿಂದ ತೂರಿದರೆ ಮಾತ್ರ ಕೊಕ್ಕು ಬಾಯ್ಬಿಟ್ಟು ಪರಾಗ ಮೈಗೆ ತಾಗುತ್ತದೆ. ಹಾಗಾಗಿ ಬಂದವರೆಲ್ಲ ಮರಕ್ಕೆ ಉಪಕಾರ ಮಾಡುತ್ತಾರೆ ಅಂತಿಲ್ಲ. ಎಷ್ಟೋ ಹಕ್ಕಿಗಳು ಮಕರಂದ ಕುಡಿದು ಪರಾಗ ಮುಟ್ಟದೆ ಹೋಗುತ್ತವೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಮುತ್ತುಗಕ್ಕೆ ನಿಜವಾಗಿ ಕೆಲಸ ಮಾಡಿಕೊಡುವವರು ಇಬ್ಬರು ಅಂದಿತು: ಸೂರಕ್ಕಿ, ಮತ್ತು ನಮ್ಮ ಬೆನ್ನಮೇಲೆ ಮೂರು ಗೆರೆಯ ಅಳಿಲು! ಅಳಿಲು ಹೂ ಹಾಳು ಮಾಡುತ್ತದೆ ಅಂತ ಬಹಳ ವರ್ಷ ನಾನೂ ಬೈದಿದ್ದೇನೆ.

ಬೂರುಗದ ಅಂಗಡಿ ಇನ್ನೂ ದೊಡ್ಡದು. ದಪ್ಪ ದಳದ ಬಟ್ಟಲು, ಧಾರಾಳ ಮಕರಂದ. ಹಗಲು ಗೊರವಂಕ, ಕಾಜಾಣ, ಕಾಗೆ. ರಾತ್ರಿ ಬಾವಲಿ. ಕೆಳಗೆ ಬಿದ್ದ ಹೂವಿಗೆ ಜಿಂಕೆಗಳು. ಉಳಿದೆಲ್ಲ ಒಣಗಿರುವ ತಿಂಗಳಲ್ಲಿ ಇಂಥ ಒಂದು ಮರ ಎಷ್ಟು ಬಾಯಿಗಳನ್ನು ಸಾಕುತ್ತದೆ ಅಂತ ಒಂದು ಬೆಳಗ್ಗೆ ಕೂತು ಲೆಕ್ಕ ಹಾಕಿ.

ಇನ್ನು ಅರಿಶಿನ ಬೂರುಗ. ಹೆಸರಲ್ಲಿ ಬೂರುಗವಿದ್ದರೂ ಜಾತಿ ಬೇರೆ. ಅದರ ಹಳದಿ ಹೂವಿನ ಪರಾಗ ಸಣ್ಣ ತೂತಿನಿಂದ ಮಾತ್ರ ಉದುರುತ್ತದೆ. ದೊಡ್ಡ ದುಂಬಿ ಕಚ್ಚಿ ಹಿಡಿದು ಗುಂಯ್ ಅಂತ ಮೈ ನಡುಗಿಸಿ ಅದನ್ನು ಉದುರಿಸಿಕೊಳ್ಳುತ್ತದೆ.

ಹಾಗಾದರೆ ತೇಗ ಯಾಕೆ ಮಳೆಗಾಲದಲ್ಲಿ ಹೂ ಬಿಡುತ್ತದೆ?

ತೇಗದ ಹೂಗೊಂಚಲು ಬರುವುದು ಆ ವರ್ಷದ ಹೊಸ ರೆಂಬೆಯ ತುದಿಯಲ್ಲಿ. ರೆಂಬೆ ಬೆಳೆದ ಮೇಲೇ ಹೂ. ಒಂದು ಗೊಂಚಲಲ್ಲಿ ಸಾವಿರಾರು ಪುಟ್ಟ ಬಿಳಿ ಹೂಗಳು, ಪ್ರತಿಯೊಂದರ ಆಯಸ್ಸು ಒಂದೇ ದಿನ. ಅಷ್ಟರಲ್ಲಿ ಕಾಯಿ ಕಟ್ಟುವುದು ನೂರಕ್ಕೆ ಒಂದೆರಡು. ಮುತ್ತುಗ, ಬೂರುಗಗಳು ಹಿಂದಿನ ಮಳೆಗಾಲದಲ್ಲಿ ಕೂಡಿಟ್ಟದ್ದರಿಂದ ಹೂ ಬಿಡುತ್ತವೆ. ತೇಗ ಅವತ್ತಿನ ದುಡಿಮೆಯಲ್ಲೇ ಹೂ ಬಿಡುತ್ತದೆ.

ಕೆಲವು ಮರ ನಾಲ್ಕೇ ದಿನದಲ್ಲಿ ಹೂ ಮುಗಿಸುತ್ತವೆ, ಕೆಲವು ತಿಂಗಳುಗಟ್ಟಲೆ ಎಳೆಯುತ್ತವೆ. ಯಾಕೆ?

ಎರಡೂ ವ್ಯಾಪಾರದ ಬಗೆಗಳೇ. ಆಲ್ವಿನ್ ಜೆಂಟ್ರಿ 1974ರಲ್ಲಿ ಟಬೂಬಿಯಾ ಮರ ಸೇರಿದ ಸಸ್ಯ ಕುಟುಂಬದ ಮೇಲೆ ಕೆಲಸ ಮಾಡಿ ಇವನ್ನು ವಿಂಗಡಿಸಿದರು. ಒಂದು, ಎಲ್ಲ ಹೂವನ್ನೂ ಒಂದೇ ಸಲಕ್ಕೆ ಸಿಡಿಸುವುದು. ಸುತ್ತಲಿನ ಜೇನುಗಳೆಲ್ಲ ಮುತ್ತುವ ಜಾತ್ರೆ. ಇನ್ನೊಂದು, ದಿನಕ್ಕೆ ನಾಲ್ಕು ಹೂವಿನಂತೆ ತಿಂಗಳುಗಟ್ಟಲೆ. ಇಲ್ಲಿಗೆ ಬರುವುದು ದಿನಾ ಅದೇ ದಾರಿಯಲ್ಲಿ ಸುತ್ತು ಹಾಕುವ ಖಾಯಂ ಗಿರಾಕಿ ದುಂಬಿಗಳು. ಒಣ ಕಾಡಿನಲ್ಲಿ ಮೊದಲನೆಯ ಬಗೆ ಎದ್ದು ಕಾಣುತ್ತದೆ.

ಒಂದು ಮಳೆ ಬಿದ್ದ ವಾರಕ್ಕೆ ಕಾಡೆಲ್ಲ ಹೂ. ಅಷ್ಟು ಬೇಗ ಹೂ ತಯಾರಾಗುತ್ತದಾ?

ತಯಾರಾಗುವುದಿಲ್ಲ, ತಯಾರಾಗಿಯೇ ಇರುತ್ತದೆ. ಮೊಗ್ಗು ಮುಕ್ಕಾಲು ಬೆಳೆದು ತಡೆದು ನಿಂತಿರುತ್ತದೆ. ಒಣಗಿದ ಮರಕ್ಕೆ ಒಮ್ಮೆಲೇ ನೀರು ಸಿಕ್ಕಾಗ ತಡೆ ಕಳಚಿ ಎಲ್ಲ ಒಟ್ಟಿಗೆ ಅರಳುತ್ತವೆ. ಕಾಫಿ ಗಿಡ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ, ಹೂಮಳೆ ಬಿದ್ದ ಒಂದು ವಾರ, ಹತ್ತು ದಿನಕ್ಕೆ ತೋಟ ಬೆಳ್ಳಗೆ. ಕೋಸ್ಟಾರಿಕಾದ ಹಳದಿ ಟಬೂಬಿಯಾ ಕೂಡ ಬೇಸಿಗೆಯ ನಡುವಿನ ಮಳೆಗೆ ಹೀಗೇ ಅರಳುತ್ತದೆ. ಒಂದು ಷರತ್ತು: ಮೊದಲು ಸರಿಯಾಗಿ ಒಣಗಿರಬೇಕು. ಸದಾ ತೇವದಲ್ಲಿದ್ದರೆ ಈ ಒಗ್ಗಟ್ಟು ಬರುವುದಿಲ್ಲ.

ಕಕ್ಕೆ ಮರದಲ್ಲಿ ಹೂವೂ ಇದೆ, ಒಣಗಿದ ಉದ್ದ ಕಾಯಿಯೂ ಇದೆ. ಇದು ರೋಗವಾ?

ಅಲ್ಲ. ಆ ಕಾಯಿ ಹೋದ ವರ್ಷದ ಹೂವಿನದು. ಹಣ್ಣಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು.

ಬೀಜ ಉದುರುವುದಕ್ಕೂ ಕಾಲ ಇದೆಯೇ?

ಇದೆ, ಹೂವಿಗಿಂತ ಕಟ್ಟುನಿಟ್ಟಾಗಿ. ರೆಕ್ಕೆಯ ಬೀಜ, ಹತ್ತಿಯ ಬೀಜಗಳು ಬೇಸಿಗೆಯಲ್ಲಿ ಹಾರುತ್ತವೆ. ಗಾಳಿ ಒಣಗಿರುತ್ತದೆ, ಮರ ಬೋಳಾಗಿರುವುದರಿಂದ ತಡೆಯೂ ಇಲ್ಲ. ಮತ್ತಿಯ ರೆಕ್ಕೆಕಾಯಿ, ಬೂರುಗದ ಹತ್ತಿ, ಮುತ್ತುಗದ ತುದಿಯಲ್ಲಿ ಒಂದೇ ಬೀಜವಿರುವ ಕಾಗದದಂಥ ಕಾಯಿ, ಎಲ್ಲ ಈ ಗುಂಪು. ಬೇಸಿಗೆಯ ಕೊನೆಗೆ ನೆಲ ಸೇರಿದರೆ ಮೊದಲ ಮಳೆಗೆ ಮೊಳೆತು, ಮುಂದಿನ ಬೇಸಿಗೆಯೊಳಗೆ ಬೇರು ಇಳಿಸಲು ಇಡೀ ಮಳೆಗಾಲ ಸಿಗುತ್ತದೆ.

ಸಾಲ ಮರದ ಲೆಕ್ಕ ಬಹಳ ಬಿಗಿ. ಅದರ ಬೀಜದ ಜೀವ ಒಂದೆರಡು ವಾರ ಮಾತ್ರ. ಜೂನ್ ಹೊತ್ತಿಗೆ ಬೀಜ ಬೀಳುತ್ತದೆ, ಆಗ ಮಳೆ ಕೈಕೊಟ್ಟರೆ ಆ ವರ್ಷದ ಬೀಜವೆಲ್ಲ ವ್ಯರ್ಥ.

ಬಾಓಬಾಬ್ ಮರದ ದಪ್ಪ ಕಾಂಡ ನೀರಿನ ಟ್ಯಾಂಕ್ ಅನ್ನುತ್ತಾರೆ. ನಿಜವೇ?

ಅರ್ಧ ನಿಜ. ಮಡಗಾಸ್ಕರ್‌ನಲ್ಲಿ ಮಾಡಿ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆ ನೀರು ಮಳೆಗೆ ಮುಂಚೆ ಹೊಸ ಎಲೆ ಬಿಡಿಸಲು ಬಳಕೆಯಾಗುತ್ತದೆ. ಆದರೆ ಬಿಡಿಸಿದ ಎಲೆಗಳು ಮಳೆ ಬರುವವರೆಗೆ ಬಾಯಿ ತೆರೆಯುವುದಿಲ್ಲ. ಗಂಟು ಒಡೆದು ಅಂಗಡಿ ಕಟ್ಟಿಸಿತು, ವ್ಯಾಪಾರ ಮಾತ್ರ ಮಳೆ ಬಂದ ಮೇಲೆ. ಒಳಗೆ ತುಂಬಿರುವ ನೀರೇ ಆ ಮೆತ್ತನೆ ಕಾಂಡ ಬಾಗದಂತೆ ಬಿಗಿಯಾಗಿ ಹಿಡಿದಿದೆ. ಸುಮ್ನೆ ಖರ್ಚು ಮಾಡುವ ಹಾಗಿಲ್ಲ.

ಬೆಂಕಿ ಬಿದ್ದರೆ ಕಾಡು ಚೆನ್ನಾಗಿ ಚಿಗುರುತ್ತದೆ ಅನ್ನುತ್ತಾರಲ್ಲ?

ಬೆಂಕಿಯ ನಂತರ ಹುಲ್ಲು ಚಿಗುರುತ್ತದೆ, ಅದನ್ನು ನೋಡಿ ಹುಟ್ಟಿದ ಮಾತು. ಮರದ ಚಿಗುರಿಗೆ ಬೆಂಕಿ ಬೇಡ, ಬೆಂಕಿ ಬೀಳದ ಕಾಡೂ ಅದೇ ಹೊತ್ತಿಗೆ ಚಿಗುರುತ್ತದೆ. ಕವಲು ಮರದಂಥ ದಪ್ಪ ತೊಗಟೆಯವು ತಡೆದುಕೊಳ್ಳಬಹುದು. ಸಸಿಗಳು, ಆಗಷ್ಟೇ ಬಿದ್ದ ಬೀಜಗಳು ತಡೆಯುವುದಿಲ್ಲ.

ಬೋಳಾಗಿ ನಿಂತ ಮರ ಬದುಕಿದೆಯೋ ಸತ್ತಿದೆಯೋ ಹೇಗೆ ಹೇಳುವುದು?

ಸಣ್ಣ ರೆಂಬೆಯೊಂದನ್ನು ಮೆಲ್ಲಗೆ ಬಾಗಿಸಿ. ಬಾಗಿದರೆ ಜೀವವಿದೆ, ಲಟಕ್ ಅಂತ ಮುರಿದರೆ ಆ ರೆಂಬೆ ಹೋಗಿದೆ. ಒಂದು ರೆಂಬೆ ನೋಡಿ ತೀರ್ಮಾನ ಬೇಡ, ಮೂರು ನಾಲ್ಕು ಕಡೆ ನೋಡಿ. ಮೊಗ್ಗು ಉಬ್ಬಿದೆಯೇ, ಉಗುರಿನಿಂದ ಸ್ವಲ್ಪ ಗೀರಿದರೆ ಒಳಗೆ ಹಸಿರಿದೆಯೇ? ಕಾಂಡಕ್ಕೆ ಮಚ್ಚು ಹಾಕಿ ಪರೀಕ್ಷಿಸುವ ಅಭ್ಯಾಸ ಕೆಟ್ಟದ್ದು. ಅನುಮಾನವಿದ್ದರೆ ಒಂದು ಮಳೆಗಾಲ ಕಾಯಿರಿ. ‘ಸತ್ತ ಮರ’ ಅಂತ ಉರುಳಿಸಿದ ಮರದ ಬುಡ ಮುಂದಿನ ತಿಂಗಳು ಚಿಗುರಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹೋದ ವರ್ಷ ಮೈತುಂಬ ಹೂವಿತ್ತು, ಈ ವರ್ಷ ಇಲ್ಲ. ಏನಾಯಿತು?

ಹೋದ ವರ್ಷ ಕಾಯಿ ಜಾಸ್ತಿ ಹಿಡಿದಿದ್ದರೆ ಕೂಡಿಟ್ಟದ್ದೆಲ್ಲ ಖರ್ಚಾಗಿರುತ್ತದೆ. ಹಿಂದಿನ ಮಳೆಗಾಲ ಕೆಟ್ಟಿರಬಹುದು, ಕೊಂಬೆ ಕಡಿದಿರಬಹುದು, ಹುಳು ಎಲೆ ತಿಂದಿರಬಹುದು. ಒಂದು ವರ್ಷದ ಕೊರತೆ ದೊಡ್ಡ ವಿಷಯವಲ್ಲ.

ಹವಾಮಾನ ಬದಲಾದರೆ ಈ ಲೆಕ್ಕವೆಲ್ಲ ಏನಾಗುತ್ತದೆ?

ಮೇಲೆ ಹೇಳಿದ್ದನ್ನು ನೆನಪಿಟ್ಟುಕೊಂಡರೆ ಕಷ್ಟ ಎಲ್ಲಿ ಅಂತ ನಿಮಗೇ ಕಾಣುತ್ತದೆ. ಹಗಲಿನ ಉದ್ದ ಬದಲಾಗುವುದಿಲ್ಲ. ಮಳೆ ಬದಲಾಗುತ್ತದೆ. ಹಗಲು ನೋಡಿ ಚಿಗುರುವ ಮರ ಮಾರ್ಚ್‌ನಲ್ಲಿ ಎಂದಿನಂತೆ ಎಲೆ ಬಿಡುತ್ತದೆ, ಮಳೆ ಒಂದು ತಿಂಗಳು ತಡವಾದರೆ ಅಷ್ಟೂ ದಿನ ಎಲೆಗಳನ್ನು ಸಾಕಬೇಕು. ಮಳೆಯನ್ನೇ ನೋಡುವ ಮರಕ್ಕೆ ಬೇರೆ ತೊಂದರೆ: ಅಕಾಲದ ಮಳೆಗೆ ಮೋಸಹೋಗಿ ಹೂ ಬಿಟ್ಟರೆ ಆಗ ಜೇನು ಇರುತ್ತದೆ ಅಂತ ಹೇಳಲಾಗದು. ಒಂದೇ ಕಾಡಿನಲ್ಲಿ ಈ ಎರಡೂ ತರಹದ ಮರಗಳಿವೆ. ಹಾಗಾಗಿ ‘ಕಾಡು ಹೀಗಾಗುತ್ತದೆ’ ಅಂತ ಒಂದೇ ಮಾತಿನಲ್ಲಿ ಹೇಳುವವರನ್ನು ನಾನು ನಂಬುವುದಿಲ್ಲ.

ಉಪಗ್ರಹದಿಂದ ಹಸಿರು ಅಳೆಯುತ್ತಾರಲ್ಲ, ಮರ ಮರ ನೋಡುವ ಕೆಲಸ ಯಾಕೆ?

ಉಪಗ್ರಹಕ್ಕೆ ಕಾಡು ಯಾವಾಗ ಹಸಿರಾಯಿತು ಅನ್ನುವುದು ಚೆನ್ನಾಗಿ ಕಾಣುತ್ತದೆ. ಯಾವ ಮರ, ಹೂವಾ ಚಿಗುರಾ, ಕಾಯಿ ಕಟ್ಟಿತಾ ಅನ್ನುವುದಕ್ಕೆ ಇನ್ನೂ ಮರದ ಕೆಳಗೆ ಒಬ್ಬ ಮನುಷ್ಯ ಬೇಕು.

ನಾನೇ ದಾಖಲೆ ಇಡಬೇಕೆಂದರೆ ಹೇಗೆ ಶುರು ಮಾಡಲಿ?

ಒಂದು ಜಾತಿಯ ಐದು ಮರ ಸಾಕು. ಬಲಿತ ಮರಗಳನ್ನು ಆರಿಸಿ, ಗುರುತು ಹಾಕಿಕೊಳ್ಳಿ. ಪ್ರತಿ ಸಲ ಅವೇ ಮರ. ಎಳೆ ಎಲೆ, ಬಲಿತ ಎಲೆ, ಮೊಗ್ಗು, ಅರಳಿದ ಹೂ, ಕಾಯಿ, ಹಣ್ಣು ಇವಕ್ಕೆ ಬೇರೆ ಬೇರೆ ಅಂಕಣ ಇರಲಿ. ಎಷ್ಟಿದೆ ಅನ್ನಲು ಫೂರ್ನಿಯೆ 1974ರಲ್ಲಿ ಸೂಚಿಸಿದ ಅಳತೆ ಸುಲಭ: ಏನೂ ಇಲ್ಲದಿದ್ದರೆ 0, ಕಾಲು ಭಾಗದವರೆಗೆ 1, ಅರ್ಧದವರೆಗೆ 2, ಮುಕ್ಕಾಲಿನವರೆಗೆ 3, ಅದಕ್ಕಿಂತ ಜಾಸ್ತಿಗೆ 4. ‘ಏನೂ ಇಲ್ಲ’ ಅನ್ನುವುದನ್ನೂ ಬರೆಯಿರಿ. ಖಾಲಿ ಬಿಟ್ಟರೆ ಹೂ ಇರಲಿಲ್ಲವೋ, ನೀವು ಹೋಗಿರಲಿಲ್ಲವೋ ಅನ್ನುವುದು ಆಮೇಲೆ ಗೊತ್ತಾಗುವುದಿಲ್ಲ.

ವಾರಕ್ಕೊಮ್ಮೆ ನೋಡಿ. ನಾನು ಶುರುವಿನಲ್ಲಿ ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದೆ. ಒಂದು ಮರ ಎರಡು ಭೇಟಿಗಳ ನಡುವೆ ಮೊಗ್ಗು, ಹೂವು ಎಲ್ಲ ಮುಗಿಸಿ ಮತ್ತೆ ಬೋಳಾಗಿ ನಿಂತಿತ್ತು. ನನ್ನ ಪುಸ್ತಕದಲ್ಲಿ ಎರಡೂ ದಿನ 0. ಬುಡದಲ್ಲಿ ಬಾಡಿದ ದಳಗಳ ರಾಶಿ ಕಂಡಿದ್ದರಿಂದ ವಿಷಯ ತಿಳಿಯಿತು. ಈಗ ಕೊನೆಯಲ್ಲಿ ಒಂದು ಅಂಕಣ ಸೇರಿಸಿದ್ದೇನೆ, ‘ನೆಲದ ಮೇಲೆ ಏನಿದೆ’ ಅಂತ.